ಮುದಿ ನಾಯಿ–ಬೆಕ್ಕುಗಳ ರಕ್ತದೊತ್ತಡ: ಅಳೆಯಿಸುವ ಬಗೆ, ಆರೈಕೆಯ ಕ್ರಮ

ನಿನ್ನೆಯವರೆಗೆ ಹಿತ್ತಲ ಗೋಡೆಯನ್ನು ಲೀಲಾಜಾಲವಾಗಿ ಏರುತ್ತಿದ್ದ ಮುದಿ ಬೆಕ್ಕು ಇಂದು ಬಾಗಿಲಿಗೆ ಮುಖ ತಾಗಿಸಿಕೊಂಡು ನಡೆದರೆ, ವಯಸ್ಸಾಯಿತೆಂದು ಸುಮ್ಮನಾಗುವುದು ವಾಡಿಕೆ. ಆದರೆ ಅದರ ಕಣ್ಣಪಾಪೆಗಳು ಬೆಳಕಿನಲ್ಲಿಯೂ ಅರಳಿಯೇ ಇದ್ದರೆ, ಏರಿದ ರಕ್ತದೊತ್ತಡದಿಂದ ಅಕ್ಷಿಪಟಲವು ಕಳಚಿರುವ ಸಂಭವವುಂಟಾದ್ದರಿಂದ, ಅಂದೇ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಮನುಷ್ಯರಲ್ಲಿ ಅಧಿಕ ರಕ್ತದೊತ್ತಡವು ಬಹುಮಟ್ಟಿಗೆ ಸ್ವತಂತ್ರವಾಗಿ ತಲೆದೋರಿದರೆ, ಈ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ರೋಗದ ಬೆನ್ನಿಗೆ ಬರುತ್ತದೆ: ಬೆಕ್ಕಿನಲ್ಲಿ ಮೂತ್ರಪಿಂಡಗಳ ಕ್ಷೀಣತೆ ಅಥವಾ ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ನಾಯಿಯಲ್ಲಿ ಮೂತ್ರಪಿಂಡದ ದೋಷ, ಕುಶಿಂಗ್ ರೋಗ, ಕೆಲವೊಮ್ಮೆ ಮಧುಮೇಹ. ಆದುದರಿಂದ ಒತ್ತಡವನ್ನು ಅಳೆಯಿಸುವುದರೊಡನೆ ರಕ್ತ, ಮೂತ್ರಗಳ ಪರೀಕ್ಷೆಯನ್ನೂ ಮಾಡಿಸಬೇಕು.

ಅಳತೆಗೆ ಅವಸರ ಸಲ್ಲದು. ಆಟೋದಲ್ಲಿ ಕುಲುಕಿ, ಅಪರಿಚಿತ ನಾಯಿಗಳ ಬೊಗಳನ್ನು ಕೇಳಿ ಬೆದರಿದ ಬೆಕ್ಕಿನ ಒತ್ತಡ ಆ ಭಯದಿಂದಲೇ ಏರಿರುತ್ತದೆ. ಮನೆಯ ಟವೆಲ್ಲೊಂದನ್ನು ಜೊತೆಗೊಯ್ದು, ಶಾಂತವಾದ ಕೋಣೆಯಲ್ಲಿ 5ರಿಂದ 10 ನಿಮಿಷ ಪ್ರಾಣಿಯನ್ನು ನಿಮ್ಮ ಬಳಿಯಲ್ಲೇ ಇರಗೊಡಿ. ಕಾಲಿಗೋ ಬಾಲಕ್ಕೋ ಸುತ್ತುವ ಪಟ್ಟಿಯ ಅಗಲವು ಆ ಅಂಗದ ಸುತ್ತಳತೆಯ ಶೇ. 30ರಿಂದ 40ರಷ್ಟಿರಬೇಕು, ಮೊದಲ ಅಳತೆಯನ್ನು ಬಿಟ್ಟು, ಅನಂತರದ ಐದಾರು ಅಳತೆಗಳ ಸರಾಸರಿಯನ್ನು ಹಿಡಿಯುವುದು ಕ್ರಮ. ಒಂದೇ ಬಾರಿ ಅಳೆದು ಚೀಟಿ ಬರೆದುಕೊಟ್ಟರೆ, ವಿನಯದಿಂದಲೇ ಮತ್ತೊಮ್ಮೆ ನೋಡಿರೆಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಸಂಕೋಚನದ ಒತ್ತಡವು 140 ಮಿ.ಮೀ.ಗಿಂತ ಕೆಳಗಿದ್ದರೆ ಚಿಂತೆಯಿಲ್ಲ. 160 ಮುಟ್ಟಿದರೆ ಅಧಿಕವೆಂದೂ, 180 ಅಥವಾ ಅದಕ್ಕೂ ಮೇಲಾದರೆ ಕಣ್ಣು, ಮಿದುಳು, ಹೃದಯ, ಮೂತ್ರಪಿಂಡಗಳಿಗೆ ತೀವ್ರ ಅಪಾಯವೆಂದೂ ಎಣಿಸುತ್ತಾರೆ. ಕಣ್ಣಿಗಾಗಲೇ ಹಾನಿಯಾಗಿದ್ದ ಪಕ್ಷದಲ್ಲಿ ಚಿಕಿತ್ಸೆಗೆ ವಿಳಂಬ ಕೂಡದು. ಇಲ್ಲವಾದರೆ ಬೇರೊಂದು ದಿನ ಪುನಃ ಅಳೆದು ನಿಶ್ಚಯಿಸುವುದೇ ಲೇಸು.

ಬೆಕ್ಕಿಗೆ ಸಾಮಾನ್ಯವಾಗಿ ಅಮ್ಲೋಡಿಪಿನ್ ಅಥವಾ ಟೆಲ್ಮಿಸಾರ್ಟನ್, ನಾಯಿಗೆ ಎನಲಾಪ್ರಿಲ್, ಬೆನಜೆಪ್ರಿಲ್ ಮೊದಲಾದವನ್ನು ಕೊಡುತ್ತಾರೆ. ಇವುಗಳಲ್ಲಿ ಕೆಲವು ಮನೆಯ ಹಿರಿಯರ ಬಿ.ಪಿ. ಮಾತ್ರೆಗಳೇ ಆದರೂ, ಡಬ್ಬಿಯಿಂದ ತೆಗೆದು ಅಂದಾಜಿನಲ್ಲಿ ಮುರಿದು ತಿನ್ನಿಸುವ ಸಾಹಸ ಬೇಡ: ನಾಲ್ಕು ಕಿಲೋ ತೂಗುವ ಜೀವಕ್ಕೆ ಪ್ರಮಾಣವೇ ಬೇರೆ. ಉಪ್ಪಿನ ತಿಂಡಿ, ಹಪ್ಪಳಗಳನ್ನು ನಿಲ್ಲಿಸಿರಿ. ಕುಡಿಯುವ ನೀರನ್ನು ಮಾತ್ರ ಎಂದಿಗೂ ಕಡಿಮೆ ಮಾಡಬೇಡಿರಿ.

ಔಷಧವಾರಂಭಿಸಿದ ವಾರ, ಹತ್ತು ದಿನಗಳಲ್ಲಿ ಮರಳಿ ಅಳೆಯಿಸಬೇಕು. ಪ್ರಾಣಿಯು ಚೇತರಿಸಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸತಕ್ಕದ್ದಲ್ಲ. ತೂಕಡಿಕೆ, ನಿಶ್ಶಕ್ತಿ ಕಂಡರೆ ವೈದ್ಯರಿಗೆ ತಿಳಿಸಬೇಕು. ಅಮ್ಲೋಡಿಪಿನ್ ಸೇವಿಸುವ ಕೆಲವು ನಾಯಿಗಳ ಒಸಡು ದಪ್ಪನಾಗುವುದುಂಟಾದ್ದರಿಂದ, ಆಗಾಗ್ಗೆ ತುಟಿಯೆತ್ತಿ ನೋಡುತ್ತಿರುವುದೂ ಒಳ್ಳೆಯದು.