ಹಳೆ ಬುಲೆಟ್‌ಗೆ ಆಯಿಲ್ ಮೀಟರ್

ಚಿಕ್ಕೋಡಿ, ಅಥಣಿ ಕಡೆ ಎರಕದ ಕಬ್ಬಿಣದ ಎಂಜಿನ್ನಿನ ಹಳೆ ಬುಲೆಟ್ ಇನ್ನೂ ಓಡಿಸುತ್ತಿರುವವರೇ, ಆಯಿಲ್ ಪ್ರೆಶರ್ ಮೀಟರ್ ಹಾಕಿಸಿ. ಆದರೆ ಮುಳ್ಳು ಕಂಡು ಗಾಬರಿಯಾಗಬೇಡಿ. ಬೇಸಿಗೆಯಲ್ಲಿ ನಿಪ್ಪಾಣಿಯಿಂದ ತವಂದಿ ಘಾಟ್ ಹತ್ತಿ ನಿಲ್ಲಿಸಿದಾಗ ಆಯಿಲ್ ಕಾದು ತೆಳುವಾಗಿರುತ್ತದೆ. ಆಗ ಸ್ಲೋದಲ್ಲಿ ಮುಳ್ಳು ಸೊನ್ನೆಯ ಹತ್ತಿರ ಇಳಿಯುವುದು ಈ ಎಂಜಿನ್ನಿಗೆ ಸಹಜ. ಎಕ್ಸಲರೇಟರ್ ಕೊಟ್ಟರೆ ಏರಬೇಕು. ತಣ್ಣಗಿದ್ದಾಗಲೂ ಏರದಿದ್ದರೆ ಎಂಜಿನ್ ಕೂಡಲೇ ಬಂದ್ ಮಾಡಿ, ಮೊದಲು ಆಯಿಲ್ ಮಟ್ಟ ನೋಡಿ.

ಮೀಟರಿಗೆ ಪೈಪ್ ಎಲ್ಲಿಂದ ತೆಗೆದಿದ್ದೀರಿ ಎಂದು ಮೆಕ್ಯಾನಿಕ್ಕನ್ನು ತಪ್ಪದೇ ಕೇಳಿ. ರಾಕರ್‌ಗೆ ಹೋಗುವ ದಾರಿಯ ಒತ್ತಡ, ಬಿಗ್ ಎಂಡ್‌ಗೆ ಸಿಗುವ ಒತ್ತಡವೇ ಆಗಿರಬೇಕೆಂದಿಲ್ಲ. ಜೋಡಣೆಗೆ ಹೊಸ ತಾಮ್ರದ ವಾಷರ್ ಇರಲಿ. ಅಗ್ಗದ ಪ್ಲಾಸ್ಟಿಕ್ ಪೈಪ್ ಖಂಡಿತ ಬೇಡ. ಸೈಲೆನ್ಸರ್‌ಗೆ ತಾಗಿ ಕರಗಿದರೆ ಬಿಸಿ ಆಯಿಲ್ ಹಿಂದಿನ ಟಯರಿಗೇ ಬೀಳುತ್ತದೆ.