ಯೆಜ್ಡಿಯೋ, ರಾಜದೂತ್ 350ಯೋ?

ಅಮೆರಿಕದ ಹಳೇ ಕಾರುಪ್ರಿಯರು ಮಸ್ಟಾಂಗ್ ಹೆಚ್ಚೋ ಕಮಾರೊ ಹೆಚ್ಚೋ ಎಂದು ವಾದಕ್ಕೆ ಕೂರುತ್ತಾರೆ. ನಮ್ಮ ವಿಜಯಪುರದ ಗ್ಯಾರೇಜಿನ ಕಟ್ಟೆಗಳಲ್ಲಿ ಆ ವಾದ ಯೆಜ್ಡಿ ರೋಡ್‌ಕಿಂಗ್ ಮತ್ತು ರಾಜದೂತ್ 350ರದು. ಎರಡನ್ನೂ ಕೊಂಡು ಎರಡರಲ್ಲೂ ಕೈ ಸುಟ್ಟುಕೊಂಡವನು ನಾನು.

1. ಸೈಲೆನ್ಸರ್ ಎಣಿಸಿ ಮರುಳಾಗಬೇಡಿ

ಯೆಜ್ಡಿಗೆ ಎರಡು ಸೈಲೆನ್ಸರ್ ಇದ್ದದ್ದಕ್ಕೆ ಸಿಲಿಂಡರೂ ಎರಡೆಂದು ನಂಬಿದ್ದೆ. ಇರುವುದು ಒಂದೇ, 250 ಸಿಸಿ. ಜೋಡಿ ಸಿಲಿಂಡರಿನದು ರಾಜದೂತ್. ಯಮಹಾ ಆರ್‌ಡಿ 350 ಅನ್ನೇ ಎಸ್ಕಾರ್ಟ್ಸ್ ಕಂಪನಿ 1983ರಿಂದ ಇಲ್ಲಿ ತಯಾರಿಸಿತು. ಮೊದಲಿನ ಎಚ್‌ಟಿ ಮಾದರಿಗೆ 30.5 ಅಶ್ವಶಕ್ತಿ, ಮೈಲೇಜಿಗಾಗಿ ಬಿಗಿ ಹಿಡಿದ ಎಲ್‌ಟಿ ಮಾದರಿಗೆ 27. ಮಾರುವವರ ಬಾಯಲ್ಲಿ ಮಾತ್ರ ಎಲ್ಲವೂ ಎಚ್‌ಟಿ!

2. ಎಂಜಿನ್ನಿಗೆ ಎಣ್ಣೆ ಹೇಗೆ ಹೋಗುತ್ತದೆ, ನೋಡಿ

ಯೆಜ್ಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ರಾಜದೂತ್‌ಗೆ ಎಣ್ಣೆಯ ಟ್ಯಾಂಕೇ ಬೇರೆ, ಪಂಪು ತಾನೇ ಕೊಡುತ್ತದೆ. ಎಷ್ಟು ಓಡಿಸಿದರೂ ಆ ಟ್ಯಾಂಕಿನ ಎಣ್ಣೆ ಇಳಿಯಲಿಲ್ಲ. ಗಾಡಿ ಎಷ್ಟು ಕಡಿಮೆ ಎಣ್ಣೆ ತಿನ್ನುತ್ತದಪ್ಪಾ ಎಂದು ಹಿಗ್ಗಿದೆ. ಏಪ್ರಿಲ್ ಬಿಸಿಲಲ್ಲಿ ಟಿಕೋಟಾ ಇನ್ನೇನು ಬಂತು ಎನ್ನುವಾಗ ಎಂಜಿನ್ ಕಿರ್ರೆಂದು ಹಿಡಿದುಕೊಂಡಿತು, ಹಿಂದಿನ ಗಾಲಿ ಎಳೆಯಿತು. ಕ್ಲಚ್ ಒತ್ತಿದ್ದರಿಂದ ಬೀಳಲಿಲ್ಲ, ಅಷ್ಟೇ. ಎಂಜಿನ್ ಬಿಚ್ಚಿದ ಮಿಸ್ತ್ರಿ ಗೀರು ಬಿದ್ದ ಪಿಸ್ಟನ್ ಅಂಗೈ ಮೇಲಿಟ್ಟು, "ಸಾಹೇಬ್ರ, ಪಂಪ್ ಯಾವಾಗೋ ಬಂದ್ ಮಾಡ್ಯಾರ. ಎಣ್ಣಿ ಪೆಟ್ರೋಲ್‌ನ್ಯಾಗ ಹಾಕಬೇಕಿತ್ತು" ಎಂದ. ಹಳೇ ಮಾಲೀಕರು ಪಂಪ್ ಕೈಕೊಟ್ಟೀತೆಂಬ ಭಯಕ್ಕೆ ಹೀಗೆ ಮಾಡುವುದುಂಟು. ಈಗ ಸೈಡ್ ಪ್ಯಾನೆಲ್ ಬಿಚ್ಚಿಸಿ, ಪೈಪು ಎಲ್ಲಿ ಮುಟ್ಟಿದೆ ಎಂದು ಕಣ್ಣಾರೆ ನೋಡದೆ ಕಿಕ್ ಹೊಡೆಯುವುದಿಲ್ಲ.

3. ಬ್ರೇಕ್ ಹಿಡಿದ ಮೇಲೆ ರೇಟು ಮಾತಾಡಿ

ಹೊರದೇಶದ ಆರ್‌ಡಿಗೆ ಮುಂದೆ ಡಿಸ್ಕ್ ಬ್ರೇಕ್, ನಮ್ಮದಕ್ಕೆ ಡ್ರಮ್. ಬಬಲೇಶ್ವರ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಅದು ಎಷ್ಟು ನಿಲ್ಲುತ್ತದೆಂದು ನನಗೆ ಗೊತ್ತಾಗಿದೆ, ಪಕ್ಕದ ಹೊಲದವರಿಗೂ ಗೊತ್ತಾಗಿದೆ.

4. ಬಣ್ಣಕ್ಕಿಂತ ಮೊದಲು ನಂಬರ್

ಯೆಜ್ಡಿಯ ಹೊಸ ಪೇಂಟಿಗೆ ಸೋತು ಅಡ್ವಾನ್ಸ್ ಕೊಟ್ಟುಬಿಟ್ಟೆ. ಆಮೇಲೆ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ, ಮೂಡಿದ ಒಂದು ಅಂಕಿ ಆರ್‌ಸಿಗೆ ಹೊಂದಲಿಲ್ಲ. ಅಡ್ವಾನ್ಸ್ ಹೋಯಿತು. ಹದಿನೈದು ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣವೂ ಆಗಿರಬೇಕು, ಅದನ್ನೂ ನೋಡಿ. ಈಗ ಮನೆಯಲ್ಲಿರುವ ಯೆಜ್ಡಿ ಬೇರೆಯದು, ಬಣ್ಣ ಅಷ್ಟಕ್ಕಷ್ಟೇ.

5. ನಿಮ್ಮ ಮಿಸ್ತ್ರಿ ಯಾವುದನ್ನು ಬಿಚ್ಚಬಲ್ಲ?

ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕುವವರೆಗೂ ಯೆಜ್ಡಿ ಬಂತು. ಹಾಗಾಗಿ ಹಳೇ ಅಂಗಡಿಗಳ ಅಟ್ಟದಲ್ಲಿ ಅದರ ಕ್ಲಚ್ ಪ್ಲೇಟು, ಕೇಬಲ್ ಇನ್ನೂ ಸಿಗುತ್ತವೆ. ಕಿಕ್ಕನ್ನೇ ಗೇರ್ ಮಾಡುವ ಅದರ ಲಿವರ್ ಬಿಚ್ಚಿ ಕೂಡಿಸುವುದು ಇಲ್ಲಿನ ಹಿರಿಯ ಮಿಸ್ತ್ರಿಗಳಿಗೆ ನೀರು ಕುಡಿದಷ್ಟು ಸಲೀಸು. 1989ರ ಹೊತ್ತಿಗೇ ನಿಂತ ರಾಜದೂತ್‌ನ ಪಿಸ್ಟನ್ನಿಗೆ ನಾನು ಪುಣೆ, ಬೆಂಗಳೂರು ಎಂದು ಫೋನ್ ಹಚ್ಚಿ ಕೂತಿದ್ದೆ. ಓಟದಲ್ಲಿ ಯೆಜ್ಡಿ ಅದರ ಹತ್ತಿರವೂ ಸುಳಿಯದು, ನಿಜ. ಆದರೂ ಒಂದೇ ಗಾಡಿಗೆ ದುಡ್ಡಿದ್ದರೆ ಯೆಜ್ಡಿ ತಗೊಳ್ಳಿ. ನನ್ನ ರಾಜದೂತ್ ಮಾರಾಟಕ್ಕಿಲ್ಲ.