ತೊಗಟೆ ಕೆಳಗಿನ ದುಂಬಿಗಳು: 2 ಮಿಲಿಮೀಟರ್ ಹುಳವನ್ನು ಗುರುತು ಹಿಡಿಯೋದು ಹೇಗೆ?

ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆಯಲ್ಲಿ ಹುಳದ ಪಾಠ ಯಾಕಪ್ಪಾ ಅಂತ ಕೇಳಬಹುದು. ನಾವು ದಿನಾ ಬರೆಯೋ ಇಫ್-ಎಲ್ಸ್ ಇದೆಯಲ್ಲ, ಕೀಟಶಾಸ್ತ್ರದವರು ಹುಳ ಗುರುತಿಸೋದೂ ಹಾಗೇನೇ. ಎರಡೆರಡು ಉತ್ತರ ಇರೋ ಪ್ರಶ್ನೆ ಕೇಳ್ತಾ, ಒಂದೊಂದೇ ಕವಲು ಬಿಡ್ತಾ, ಕೊನೆಗೆ ಹೆಸರಿಗೆ ಬಂದು ನಿಲ್ತಾರೆ. ಆ ಹೆಸರು ತಪ್ಪಾದರೆ ಏನಾಗುತ್ತೆ ಅನ್ನೋದನ್ನೂ ಮುಂದೆ ನೋಡೋಣ. ಅದು ಪರೀಕ್ಷೆಯಲ್ಲಿ ಎರಡು ಮಾರ್ಕ್ಸ್ ಹೋಗೋ ಥರದ ತಪ್ಪಲ್ಲ.

ತೊಗಟೆ ಕೆಳಗೆ ಯಾರ್ಯಾರು ಇರ್ತಾರೆ?

ದುಂಬಿಗಳದ್ದು ದೊಡ್ಡ ಕುಲ. ಹೆಸರಿಟ್ಟಿರೋ ಪ್ರಭೇದಗಳೇ ಮೂರೂವರೆ ಲಕ್ಷಕ್ಕಿಂತ ಹೆಚ್ಚು. ಎಲ್ಲದಕ್ಕೂ ಇರೋ ಒಂದು ಗುರುತು ಏನಂದ್ರೆ, ಮುಂದಿನ ಜೋಡಿ ರೆಕ್ಕೆ ಗಟ್ಟಿಯಾಗಿ, ಬೆನ್ನ ಮೇಲೆ ಮುಚ್ಚಳದ ಹಾಗೆ ಕೂತಿರುತ್ತೆ. ಹಾರೋ ರೆಕ್ಕೆ ಅದರ ಕೆಳಗೆ ಮಡಚಿರುತ್ತೆ.

ಇವುಗಳಲ್ಲಿ ತೊಗಟೆ ಮತ್ತು ಮರದ ಒಳಗೇ ಬದುಕೋ ಒಂದು ದೊಡ್ಡ ಗುಂಪು ಸ್ಕೊಲಿಟಿನೆ. ಸುಮಾರು 6000 ಪ್ರಭೇದಗಳಿವೆ. ಹೆಚ್ಚಿನವು ಅಕ್ಕಿಕಾಳಿಗಿಂತ ಚಿಕ್ಕವು. ಮೊದಲು ಇದನ್ನು ಬೇರೆಯೇ ಕುಟುಂಬ ಅಂತ ಲೆಕ್ಕ ಹಾಕ್ತಿದ್ದರು. ಈಗ ಬಹುತೇಕರು ಮೂತಿ ಹುಳಗಳ ಕುಟುಂಬದೊಳಗಿನ ಒಂದು ಉಪಕುಟುಂಬ ಅಂತ ಒಪ್ತಾರೆ. ಅಂದ್ರೆ ಅಡುಗೆಮನೆಯ ಅಕ್ಕಿ ಡಬ್ಬದಲ್ಲಿ ಸಿಗೋ ಉದ್ದ ಮೂತಿಯ ಹುಳ ಇವುಗಳ ನೆಂಟ. ಸುರಂಗ ಕೊರೆಯೋ ಬದುಕಿಗೆ ಉದ್ದ ಮೂತಿ ಅಡ್ಡಿ, ಹಾಗಾಗಿ ಇವುಗಳಲ್ಲಿ ಅದು ಹೆಚ್ಚುಕಡಿಮೆ ಇಲ್ಲವಾಗಿದೆ.

ಇವು ಮಾತ್ರ ಅಲ್ಲ. ಇವುಗಳ ಮರಿಹುಳ ತಿನ್ನೋಕೆ ಬರೋ ಬೇಟೆಗಾರ ದುಂಬಿಗಳು, ಬೂಷ್ಟು ತಿನ್ನುವವು, ಸುಮ್ಮನೆ ಬೆಚ್ಚಗಿನ ಜಾಗಕ್ಕೆ ಬಂದು ಕೂರುವವು, ಎಲ್ಲಾ ಒಂದೇ ತೊಗಟೆ ಕೆಳಗೆ ಸಿಗ್ತವೆ. ಬಣ್ಣ ಕಂದು ಅಥವಾ ಕಪ್ಪು. ಮೊದಲ ನೋಟಕ್ಕೆ ಎಲ್ಲಾ ಒಂದೇ.

ಮೊದಲು ಮನೆ ನೋಡಿ, ಆಮೇಲೆ ಮನೆಯವರನ್ನ

ಹುಳ ಸಿಗದಿದ್ರೂ ಅದು ಕೊರೆದ ಸುರಂಗ ಸಿಗುತ್ತೆ. ಅರ್ಧ ಉತ್ತರ ಅಲ್ಲೇ ಇರುತ್ತೆ.

ಒಂದು: ಒಳತೊಗಟೆಯಲ್ಲಿ ಒಂದು ಮುಖ್ಯ ದಾರಿ, ಅದರ ಎರಡೂ ಬದಿಯಿಂದ ಹೊರಟ ಸಣ್ಣ ದಾರಿಗಳು. ಮುಖ್ಯ ದಾರಿ ತಾಯಿ ಕೊರೆದದ್ದು. ಅದರ ಅಂಚಲ್ಲಿ ಮೊಟ್ಟೆ ಇಡ್ತಾಳೆ. ಮರಿಗಳು ತಿಂತಾ ದೂರ ಹೋಗ್ತವೆ, ಬೆಳೆದ ಹಾಗೆ ಅವುಗಳ ದಾರಿಯೂ ಅಗಲ ಆಗ್ತಾ ಹೋಗುತ್ತೆ. ಇದು ನಿಜವಾದ ತೊಗಟೆ ದುಂಬಿಯ ಸಹಿ. ಯುರೋಪಿನ ಸ್ಪ್ರೂಸ್ ಮರದ ಇಂಥ ಒಂದು ದುಂಬಿಯ ಸುರಂಗ ಅಚ್ಚು ಹಾಕಿದ ಪುಟದ ಹಾಗೆ ಕಾಣುತ್ತೆ. 1758ರಲ್ಲಿ ಲಿನೇಯಸ್ ಅದಕ್ಕೆ ಟೈಪೋಗ್ರಾಫಸ್ ಅಂತಲೇ ಹೆಸರಿಟ್ಟ. ಈಗ ಅದು ಇಪ್ಸ್ ಟೈಪೋಗ್ರಾಫಸ್.

ಎರಡು: ಗುಂಡುಸೂಜಿ ಚುಚ್ಚಿದ ಹಾಗೆ ದುಂಡಗಿನ ತೂತು, ನೇರ ಮರದೊಳಕ್ಕೆ ಇಳಿದಿದೆ, ಗೋಡೆ ಕಪ್ಪಗಾಗಿದೆ. ಇದು ಆಂಬ್ರೋಸಿಯಾ ದುಂಬಿ. ಇದು ಮರ ತಿನ್ನಲ್ಲ, ಕೃಷಿ ಮಾಡುತ್ತೆ! ತಾಯಿ ತನ್ನ ದೇಹದ ಪುಟ್ಟ ಚೀಲದಲ್ಲಿ ಶಿಲೀಂಧ್ರದ ಬೀಜಕ ತಂದು ಸುರಂಗದ ಗೋಡೆಯ ಮೇಲೆ ಬೆಳೆಸ್ತಾಳೆ. ತಾಯಿ, ಮಕ್ಕಳು ಎಲ್ಲರ ಊಟವೂ ಅದೇ. ಗೋಡೆಯ ಕಪ್ಪು ಬಣ್ಣಕ್ಕೂ ಆ ಶಿಲೀಂಧ್ರವೇ ಕಾರಣ.

ಮೂರು: ಅಗಲವಾದ, ಅಂಕುಡೊಂಕಾದ ದಾರಿ, ಒಳಗೆ ಹಿಟ್ಟು ಗಟ್ಟಿಯಾಗಿ ತುಂಬಿದೆ. ಇದು ಬಹುಶಃ ಉದ್ದ ಮೀಸೆಯ ದುಂಬಿಯ ಮರಿಹುಳದ ಕೆಲಸ. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ಈ ಕುಟುಂಬದ್ದು.

ನಾಲ್ಕು: ಒಣಗಿದ ಬಿದಿರು ಅಥವಾ ಮಂಚದ ಕಾಲಿಂದ ಟಾಲ್ಕಂ ಪೌಡರ್ ಥರ ನುಣ್ಣಗಿನ ಪುಡಿ ಉದುರ್ತಿದೆ. ಹಾಸ್ಟೆಲ್‌ನಲ್ಲಿ ಇದನ್ನು ಗೆದ್ದಲು ಅಂದುಬಿಡ್ತೀವಿ. ಮಣ್ಣಿನ ದಾರಿ ಕಾಣಿಸದೆ ಬರೀ ಪುಡಿ ಉದುರ್ತಿದ್ರೆ ಪುಡಿಕೊರಕ ದುಂಬಿ ಇರೋ ಸಾಧ್ಯತೆ ಹೆಚ್ಚು.

ಈಗ ಹುಳ: ನಾಲ್ಕು ಪ್ರಶ್ನೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಕೈಮಸೂರ ಅಥವಾ ಫೋನಿಗೆ ಸಿಕ್ಕಿಸೋ ಮ್ಯಾಕ್ರೋ ಲೆನ್ಸ್ ಸಾಕು.

ಪ್ರಶ್ನೆ 1. ಪಕ್ಕದಿಂದ ನೋಡಿದ್ರೆ ದೇಹ ಕಾಗದದ ಹಾಗೆ ಚಪ್ಪಟೆಯೋ, ಪೆನ್ಸಿಲ್ ತುಂಡಿನ ಹಾಗೆ ದುಂಡಗೋ? ಚಪ್ಪಟೆ ಆದ್ರೆ ಪ್ರಶ್ನೆ 2ಕ್ಕೆ, ದುಂಡಗಿದ್ರೆ ಪ್ರಶ್ನೆ 3ಕ್ಕೆ ಹೋಗಿ.

ಪ್ರಶ್ನೆ 2. ಬೆನ್ನಿನ ಮುಚ್ಚಳ ಹೊಟ್ಟೆಯ ತುದಿವರೆಗೂ ಇದೆಯಾ? ಇದ್ರೆ, ಸಿಲ್ವಾನಿಡೆ, ಲೀಮೋಫ್ಲೋಯಿಡೆ ಥರದ ಚಪ್ಪಟೆ ತೊಗಟೆ ದುಂಬಿಗಳು. ಮುಚ್ಚಳ ಗಿಡ್ಡವಾಗಿ ಹೊಟ್ಟೆಯ ತುದಿ ಹೊರಗೆ ಕಾಣ್ತಿದ್ದು, ದೇಹ ಪಾಲಿಶ್ ಮಾಡಿದ ಹಾಗೆ ಕಪ್ಪಗೆ ಹೊಳೀತಿದ್ರೆ ಹಿಸ್ಟೆರಿಡೆ ಕುಟುಂಬದ ಹೊಲೊಲೆಪ್ಟಾ. ಇದು ಬೇಟೆಗಾರ.

ಪ್ರಶ್ನೆ 3. ಮೀಸೆ ನೋಡಿ. ಮೊಣಕೈ ಥರ ಮಡಚಿದ್ದು, ತುದಿಯಲ್ಲಿ ಒತ್ತಾದ ಗುಂಡು ಇದೆಯಾ? ಇದ್ರೆ ಪ್ರಶ್ನೆ 4. ಮಡಚಿಲ್ಲ, ತುದಿಯ ಮೂರು ಗಿಣ್ಣು ಬಿಡಿಬಿಡಿಯಾಗಿವೆ, ತಲೆ ಕೆಳಮುಖ ಆಗಿ ಮೇಲಿಂದ ಕಾಣಲ್ಲ ಅಂದ್ರೆ ಬೋಸ್ಟ್ರಿಕಿಡೆ. ಹೊರನೋಟಕ್ಕೆ ಇದು ಸ್ಕೊಲಿಟಿನೆಯ ಡೂಪ್ಲಿಕೇಟ್, ಮೀಸೆ ಮಾತ್ರ ಗುಟ್ಟು ಬಿಟ್ಟುಕೊಡುತ್ತೆ.

ಪ್ರಶ್ನೆ 4. ತಲೆ ಎದೆಯಷ್ಟೇ ಅಗಲ ಇದ್ದು ಮೇಲಿಂದ ಚೆನ್ನಾಗಿ ಕಾಣ್ತಿದೆಯಾ, ಪಾದದ ಮೊದಲ ಗಿಣ್ಣು ಉಳಿದ ಗಿಣ್ಣುಗಳೆಲ್ಲ ಸೇರಿದಷ್ಟು ಉದ್ದ ಇದೆಯಾ? ಹೌದಾದ್ರೆ ಪ್ಲಾಟಿಪೋಡಿನೆ. ತಲೆ ಚಿಕ್ಕದು ಅಥವಾ ಎದೆಯ ಕೆಳಗೆ ಅಡಗಿದೆ ಅಂದ್ರೆ ಸ್ಕೊಲಿಟಿನೆ.

ಈ ಪಟ್ಟಿ ಎಲ್ಲವನ್ನೂ ಹಿಡಿಯಲ್ಲ. ಮೈತುಂಬ ಕೂದಲು, ಕೆಂಪು-ಬಿಳಿ ಪಟ್ಟೆ ಇರೋ ಚುರುಕು ದುಂಬಿ ಸಿಕ್ಕರೆ ಅದು ಕ್ಲೆರಿಡೆ ಇರಬಹುದು, ಅದೂ ಬೇಟೆಗಾರ. ಸ್ಕೊಲಿಟಿನೆಯೊಳಗೆ ಪ್ರಭೇದದವರೆಗೆ ಹೋಗಬೇಕಾದ್ರೆ ಬೆನ್ನಿನ ಮುಚ್ಚಳ ಹಿಂದೆ ಇಳಿಯೋ ಇಳಿಜಾರನ್ನು ನೋಡ್ತಾರೆ. ಅಲ್ಲಿ ಹಲ್ಲುಗಳೆಷ್ಟು, ಕೂದಲಿನ ಸಾಲು ಹೇಗಿದೆ ಅಂತ. ಟೈಪೋಗ್ರಾಫಸ್‌ಗೆ ಒಂದೊಂದು ಬದಿಗೆ ನಾಲ್ಕರಂತೆ ಎಂಟು ಹಲ್ಲು.

ಹೆಸರು ತಪ್ಪಿದ್ರೆ ಏನಾಗುತ್ತೆ?

ಮನೆ ಹತ್ತಿರದ ಉದಾಹರಣೆ ಕೊಡಗಿನ ಕಾಫಿ. ರೊಬಸ್ಟಾ ಗಿಡದ ಎಳೆ ರೆಂಬೆಯ ಅಡಿಯಲ್ಲಿ ಸಣ್ಣ ತೂತು, ಅಲ್ಲಿಂದ ಮುಂದಕ್ಕೆ ರೆಂಬೆ ಒಣಗಿದೆ ಅಂದ್ರೆ ಅದು ಕ್ಸೈಲೋಸ್ಯಾಂಡ್ರಸ್ ಕಾಂಪ್ಯಾಕ್ಟಸ್, ತೋಟದವರ ಬಾಯಲ್ಲಿ ಶಾಟ್ ಹೋಲ್ ಬೋರರ್. ಹೆಣ್ಣು 2 ಮಿಲಿಮೀಟರ್ ಕೂಡ ಇಲ್ಲ. ತೂತಿಗಿಂತ ಸ್ವಲ್ಪ ಹಿಂದೆ ರೆಂಬೆ ಕತ್ತರಿಸಿ ಸುಡ್ತಾರೆ, ಗಿಡ ಉಳಿಯುತ್ತೆ. ಆದರೆ ಅರೇಬಿಕಾ ಕಾಂಡದ ತೊಗಟೆ ಉಬ್ಬಿ ಗೆರೆ ಎದ್ದಿದ್ರೆ ಅದು ಬಿಳಿ ಕಾಂಡಕೊರಕ. ಅಲ್ಲಿ ರೆಂಬೆ ಕತ್ತರಿಸಿದ್ರೆ ಉಪಯೋಗ ಇಲ್ಲ, ಹುಳ ಕೂತಿರೋದು ಮುಖ್ಯ ಕಾಂಡದಲ್ಲಿ. ಹಾಗಾಗಿ ಹುಳ ಹಿಡಿದ ಗಿಡವನ್ನೇ ತೆಗೆದು ನಾಶ ಮಾಡಬೇಕಾಗುತ್ತೆ. ಎರಡನ್ನೂ ಬರೀ "ಕೊರಕ" ಅಂದ್ರೆ ಉಳಿಯಬೇಕಾದ ಗಿಡ ಹೋಗುತ್ತೆ, ಹೋಗಬೇಕಾದ್ದು ಉಳಿಯುತ್ತೆ.

ಇನ್ನೊಂದು ದೊಡ್ಡ ಕಥೆ ಇದೆ. 1868ರಲ್ಲಿ ಐಕ್‌ಹಾಫ್ ಎಂಬ ವಿಜ್ಞಾನಿ ಸಿಲೋನಿನ ಒಂದು ಪುಟ್ಟ ಆಂಬ್ರೋಸಿಯಾ ದುಂಬಿಯನ್ನು ವಿವರಿಸಿದ. ಈಗ ಅದರ ಹೆಸರು ಯೂವಾಲೇಶಿಯಾ ಫಾರ್ನಿಕೇಟಸ್. ಶ್ರೀಲಂಕಾ, ದಕ್ಷಿಣ ಭಾರತದ ಚಹಾ ತೋಟಗಳನ್ನು ಕಾಡೋ ದುಂಬಿಗೂ ಅದೇ ಹೆಸರು ಅಂಟಿಕೊಂಡಿತು. 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದೇ ಥರದ್ದೊಂದು ಸಿಕ್ಕಾಗ ಚಹಾ ದುಂಬಿ ಅಂತಲೇ ಬರೆದುಕೊಂಡರು. 2012ರಲ್ಲಿ ಬೆಣ್ಣೆಹಣ್ಣಿನ ಮರಗಳು ಒಣಗತೊಡಗಿದಾಗ ಅದರ ಡಿಎನ್‌ಎ ನೋಡಿದರೆ, ಅದು ಬೇರೆಯೇ ದುಂಬಿ. ಅದು ತರೋ ಶಿಲೀಂಧ್ರವೂ ಬೇರೆ. ಆ ಶಿಲೀಂಧ್ರ ಮರದ ನೀರಿನ ನಾಳಗಳನ್ನೇ ಕಟ್ಟಿಹಾಕುತ್ತೆ.

ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಇದು ಗೊತ್ತಿರೋ ಸಮಸ್ಯೆ: ಬೇರೆ ಬೇರೆ ಡೇಟಾಗೆ ಒಂದೇ ಕೀ ಸಿಕ್ಕಿಬಿಟ್ಟಿದೆ. 2018 ಮತ್ತು 2019ರಲ್ಲಿ ವಿಜ್ಞಾನಿಗಳು ಹಳೇ ಮಾದರಿಗಳನ್ನು ಮ್ಯೂಸಿಯಂನಿಂದ ತೆಗೆದು ಮತ್ತೆ ಅಳೆದರು, ಡಿಎನ್‌ಎ ಜೊತೆ ಹೋಲಿಸಿದರು. ಒಂದು ಹೆಸರಿನ ಕೆಳಗೆ ನಾಲ್ಕು ಪ್ರಭೇದ ಇದ್ದವು. ತಮಾಷೆ ನೋಡಿ, ಫಾರ್ನಿಕೇಟಸ್ ಅನ್ನೋ ಮೂಲ ಹೆಸರು ಸೇರಬೇಕಾದ್ದು ಕ್ಯಾಲಿಫೋರ್ನಿಯಾದ ಆ ಮರಗಳನ್ನು ಒಣಗಿಸಿದ ದುಂಬಿಗೆ. ಚಹಾ ತೋಟದವುಗಳಿಗೆ ಪೆರ್‌ಬ್ರೆವಿಸ್, ಫಾರ್ನಿಕೇಟಿಯರ್ ಅನ್ನೋ ಹೆಸರುಗಳು ಬಂದವು. ಇವುಗಳ ದೇಹದ ಅಳತೆ ಒಂದರ ಮೇಲೊಂದು ಬರುತ್ತೆ, ಹಾಗಾಗಿ ಡಿಎನ್‌ಎ ಇಲ್ಲದೆ ಖಚಿತವಾಗಿ ಹೇಳೋದು ಕಷ್ಟ. ಅಷ್ಟರಲ್ಲಿ ಫಾರ್ನಿಕೇಟಸ್ 2017ರಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ, 2021ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಪತ್ತೆ ಆಯ್ತು. ಊರಿನ ಬೀದಿಮರಗಳನ್ನೇ ಕಡಿಯಬೇಕಾಗಿ ಬಂತು.

ಉಲ್ಟಾ ತಪ್ಪೂ ಇದೆ: ಕಂಡದ್ದೆಲ್ಲ ಕೊಲ್ಲೋದು. ರೈಜೋಫಾಗಸ್ ಗ್ರಾಂಡಿಸ್ ಅನ್ನೋ ಸಣ್ಣ ಕಂದು ದುಂಬಿಯೂ ಸ್ಪ್ರೂಸ್ ತೊಗಟೆ ಕೆಳಗೇ ಸಿಗುತ್ತೆ. ಆದರೆ ಅದರ ಊಟ ಇನ್ನೊಂದು ತೊಗಟೆ ದುಂಬಿಯ ಮರಿಗಳು. ಬ್ರಿಟನ್ 1984ರಿಂದ ಅದನ್ನು ಬೆಳೆಸಿ ಕಾಡಿಗೆ ಬಿಟ್ಟಿದ್ದೇ ಆ ಪೀಡೆಯನ್ನು ಹತೋಟಿಗೆ ತರೋದಕ್ಕೆ. ಗುರುತಿಸದೆ ಹೊಸಕಿಹಾಕಿದ್ರೆ ನಮ್ಮ ಕಡೆಯ ಆಟಗಾರನನ್ನೇ ನಾವು ಔಟ್ ಮಾಡಿದ ಹಾಗೆ.

ಕ್ಯಾಂಪಸ್ಸಲ್ಲಿ ಮಾಡಿ ನೋಡಿ

ಬೇಸಿಗೆ ಮಳೆಗೆ ಮುರಿದು ಬಿದ್ದ ಮಾವಿನ ಕೊಂಬೆಯೋ ಗುಲ್‌ಮೊಹರ್ ಕೊಂಬೆಯೋ ಸಿಕ್ಕೇ ಸಿಗುತ್ತೆ. ಬೇಕಾದ್ದು ಒಂದು ಬಿಳಿ ಹಾಳೆ, ಮೊಂಡು ಚಾಕು, ಸಣ್ಣ ಪೇಂಟ್ ಬ್ರಶ್, ಲೆನ್ಸ್.

ತೊಗಟೆ ನಿಧಾನಕ್ಕೆ ಎಬ್ಬಿಸಿ, ಕೆಳಗೆ ಬಿಳಿ ಹಾಳೆ ಹಿಡಿಯಿರಿ. ಹುಳ ಮುಟ್ಟೋ ಮುಂಚೆ ಸುರಂಗದ ಫೋಟೋ ತೆಗೀರಿ, ಪಕ್ಕದಲ್ಲಿ ಸ್ಕೇಲ್ ಇಡಿ. ಹುಳವನ್ನು ಒದ್ದೆ ಬ್ರಶ್ ತುದಿಯಿಂದ ಎತ್ತಿ, ಬೆರಳಿಂದ ಹಿಡಿದ್ರೆ ಮೀಸೆ ಮುರಿಯುತ್ತೆ, ಆಮೇಲೆ ಪ್ರಶ್ನೆ 3ಕ್ಕೆ ಉತ್ತರ ಸಿಗಲ್ಲ. ಮೇಲಿಂದ, ಪಕ್ಕದಿಂದ, ಹಿಂದಿಂದ ಮೂರು ಫೋಟೋ ಬೇಕು. ಜೊತೆಗೆ ಐದು ವಿಷಯ ಬರೆದಿಡಿ: ದಿನಾಂಕ, ಜಾಗ, ಯಾವ ಮರ, ಕೊಂಬೆ ಎಷ್ಟು ದಪ್ಪ, ಹುಳ ಇದ್ದದ್ದು ತೊಗಟೆಯಲ್ಲೋ ಮರದೊಳಗೋ. ಈ ಐದು ಇಲ್ಲದ ಹುಳ ಲೇಬಲ್ ಇಲ್ಲದ ಗ್ರಾಫ್ ಇದ್ದಂಗೆ.

ಬದುಕಿರೋ ಮರದ ತೊಗಟೆಗೆ ಮಾತ್ರ ಕೈ ಹಾಕಬೇಡಿ, ಆ ಗಾಯವೇ ಕೀಟಕ್ಕೂ ರೋಗಕ್ಕೂ ಬಾಗಿಲು. ಕೊಂಬೆಯನ್ನು ಊರಿಗೂ ಹಾಸ್ಟೆಲ್ಲಿಗೂ ಹೊತ್ತುಕೊಂಡು ಹೋಗಬೇಡಿ. ಇಂಥ ದುಂಬಿಗಳು ಖಂಡದಿಂದ ಖಂಡಕ್ಕೆ ಹೋಗೋದೇ ನಾವು ಸಾಗಿಸೋ ಮರ ಮತ್ತು ಗಿಡಗಳಲ್ಲಿ. ನೋಡಿ ಆದ ಮೇಲೆ ತೊಗಟೆಯನ್ನು ಇದ್ದ ಹಾಗೇ ಮುಚ್ಚಿಡಿ.

ನಾಲ್ಕು ಪ್ರಶ್ನೆಯಲ್ಲಿ ನಿಮ್ಮ ಹುಳ ಎಲ್ಲಿ ನಿಲ್ತು ಅಂತ ಫೋಟೋ ಸಮೇತ ಕ್ಲಬ್ಬಿಗೆ ಕಳಿಸಿ. ಎರಡನೇ ಪ್ರಶ್ನೆಯಲ್ಲೇ ಸಿಕ್ಕಿಹಾಕಿಕೊಂಡ್ರೂ ಪರವಾಗಿಲ್ಲ, ಅಲ್ಲೀವರೆಗೆ ಬಂದ ಉತ್ತರ ಸರಿ ಇದ್ರೆ ಸಾಕು. ಅರ್ಧ ಗೊತ್ತಿರೋ ಸರಿಯಾದ ಹೆಸರು, ಪೂರ್ತಿ ಬರೆದ ತಪ್ಪು ಹೆಸರಿಗಿಂತ ಮರಕ್ಕೂ ಒಳ್ಳೇದು, ತೋಟದವರಿಗೂ ಒಳ್ಳೇದು.